ಮೂರನೇ ನಂಬರ್ ಕಂಪ್ಯೂಟರಿನ ಎಂಜಲು

2005ರಲ್ಲಿ ನಾನು ಚಿತ್ರದುರ್ಗದ ಒಂದು ಕಂಪ್ಯೂಟರ್ ಸರ್ವೀಸ್ ಅಂಗಡಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಬಸ್ಸುಗಳನ್ನು ಹತ್ತಿ ಇಳಿಯುವುದು, ಕೆಟ್ಟ ಮೌಸ್ ಬದಲಿಸುವುದು, ವೈರಸ್ ತೆಗೆಯುವುದು. ಹೆಗಲ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್ ಸೆಟ್ಟು, ಹನ್ನೆರಡು ಸಿ.ಡಿ. ಇರುತ್ತಿದ್ದವು. ತಲೆಯಲ್ಲಿ, ಈ ಜಿಲ್ಲೆಯಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬ ಭಾವನೆ. ಆ ಭಾವನೆಯನ್ನು ಇಳಿಸಿದ್ದು ಹೊಳಲ್ಕೆರೆಯ ಇಬ್ಬರು ಹೆಂಗಸರು. ಅವರನ್ನು ನೆನೆದರೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಮೊದಲನೆಯವರು ಗಿರಿಜಮ್ಮ. ಹದಿನೈದು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಟೈಪ್‌ರೈಟರ್ ಕೇಳುವವರಿಲ್ಲ ಎಂದಾದಾಗ ಅಳುತ್ತಾ ಕೂರದೆ, ಅದೇ ಕೋಣೆಯಲ್ಲಿ ಐದು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ಮಾಡಿಕೊಂಡಿದ್ದರು. ಸುತ್ತಲಿನ ಹಳ್ಳಿಗಳ ಜನ ಇಂಟರ್ನೆಟ್ ಕಲಿತದ್ದು ಅವರ ಕೈಕೆಳಗೆ. ಬೆನ್ನು ಬಗ್ಗಿಸಿ ಕೂತವರಿಗೆ ಆಗಲೂ ಟೈಪಿಂಗ್ ಮೇಡಂ ದನಿಯಲ್ಲೇ, "ನೆಟ್ಟಗೆ ಕುಂತ್ಕಳ್ರಿ" ಎನ್ನುತ್ತಿದ್ದರು.

ಆಗ ನಮ್ಮ ಕಡೆಯ ಎಲ್ಲ ಕಂಪ್ಯೂಟರುಗಳಲ್ಲೂ ಇದ್ದದ್ದು ಒಂದೇ ಬ್ರೌಸರ್. ಬ್ರೌಸರ್ ಎಂದರೆ ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಪ್ರೋಗ್ರಾಂ. ಪರದೆಯ ಮೇಲೆ ಅದರ ಗುರುತಾಗಿ ಒಂದು ನೀಲಿ ಅಕ್ಷರವಿರುತ್ತಿತ್ತು. ಜನರಿಗೆ ಆ ನೀಲಿ ಅಕ್ಷರವೇ ಇಂಟರ್ನೆಟ್. ಅದಕ್ಕೊಂದು ಚಾಳಿಯಿತ್ತು. ನಾವು ಹೆಸರು, ಪಾಸ್‌ವರ್ಡ್ ಬರೆದಾಗ "ನೆನಪಿಟ್ಟುಕೊಳ್ಳಲೇ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಬೇಡ ಎಂದರೆ ಏನು ಕೆಡುತ್ತದೋ ಎಂಬ ಭಯಕ್ಕೆ ಎಲ್ಲರೂ ಯೆಸ್ ಒತ್ತುತ್ತಿದ್ದರು. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿಗೆ ಇದು ಅನುಕೂಲ. ದಿನಕ್ಕೆ ಮೂವತ್ತು ಜನ ಕೂತು ಏಳುವ ಕುರ್ಚಿಯ ಮುಂದೆ ಇದೇ ಅನುಕೂಲ ಅಪಾಯ.

ಆ ಅಪಾಯ ಬಂದದ್ದು ಸರೋಜ ಎಂಬವರಿಗೆ. ಹತ್ತಿರದ ಹಳ್ಳಿ ಬಿ.ದುರ್ಗದ ಅಂಗನವಾಡಿ ಟೀಚರ್, ಮೂವತ್ತೆರಡು ವರ್ಷ. ಗಂಡ ತೀರಿಹೋಗಿ ಐದು ವರ್ಷವಾಗಿತ್ತು, ಭಾವನ ಮನೆಯಲ್ಲಿದ್ದರು. ಇನ್ನೊಂದು ಮದುವೆಯಾಗಬೇಕೆಂದು ತಾವೇ ನಿಶ್ಚಯಿಸಿ, ಒಂದು ವಧೂವರರ ತಾಣದಲ್ಲಿ ಹೆಸರು ಕೊಟ್ಟಿದ್ದರು. ಗಿರಿಜಮ್ಮನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಸಂಬಂಧ ಕುದುರುವ ಮೊದಲೇ ಭಾವನ ಕಿವಿಗೆ ಬಿದ್ದರೆ ಆ ಮನೆಯಲ್ಲಿ ನಿಲ್ಲುವಂತಿಲ್ಲ, ಊರಿನವರ ಬಾಯಿ ಮುಚ್ಚಿಸುವಂತೆಯೂ ಇಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಬಂದು ಮೂರನೇ ನಂಬರ್ ಕಂಪ್ಯೂಟರಿನಲ್ಲಿ ಇ-ಮೇಲ್ ನೋಡಿ ಹೋಗುತ್ತಿದ್ದರು.

ಒಂದು ಶನಿವಾರ ಅವರು ಎದ್ದ ಮೇಲೆ ಅಲ್ಲಿ ಕೂತವರು ಬಿ.ದುರ್ಗದವರೇ ಆದ ಹಿರಿಯರು, ಸಿದ್ಧಪ್ಪನವರು. ದಾವಣಗೆರೆಯಲ್ಲಿದ್ದ ಮಗಳು ಅವರಿಗೊಂದು ಇ-ಮೇಲ್ ಮಾಡಿಕೊಟ್ಟು, ಏನೇನು ಒತ್ತಬೇಕೆಂದು ಚೀಟಿಯಲ್ಲಿ ಬರೆದಿದ್ದಳು. ಅವರು ತಮ್ಮ ಹೆಸರಿನ ಮೊದಲ ಅಕ್ಷರ ಎಸ್ ಒತ್ತಿದ ಕೂಡಲೇ ಕೆಳಗೆ ಒಂದು ಹೆಸರು ಇಳಿಯಿತು. ತನ್ನ ಹೆಸರೇ ತಾನಾಗಿ ಬಂತೆಂದು ಅದರ ಮೇಲೆ ಒತ್ತಿದರು. ಪಾಸ್‌ವರ್ಡ್ ತಾನೇ ತುಂಬಿಕೊಂಡಿತು. ತೆರೆದದ್ದು ಸರೋಜ ಅವರ ಇ-ಮೇಲ್ ಪೆಟ್ಟಿಗೆ.

"ಇದು ನಂದಲ್ಲ ಕಣಮ್ಮ, ಯಾರದೋ ಕಾಗದ ಐತೆ ಇಲ್ಲಿ" ಎಂದು ಅವರು ಕರೆದಾಗ ಗಿರಿಜಮ್ಮ ಓಡಿಬಂದು ಮುಚ್ಚಿದರಂತೆ. ಅಷ್ಟರಲ್ಲಿ ಆ ಹಿರಿಯರು ಏನು ನೋಡಿದ್ದರು, ಎಷ್ಟು ತಿಳಿದುಕೊಂಡಿದ್ದರು ಗೊತ್ತಿಲ್ಲ. ಸಿದ್ಧಪ್ಪನವರು ಏನೂ ಹೇಳದೆ ಹೋದರು. ಗಿರಿಜಮ್ಮ ಮುಚ್ಚಿಡಬಹುದಿತ್ತು. ಆದರೆ ಮುಂದಿನ ಶನಿವಾರ ಸರೋಜ ಬಂದಾಗ ನಡೆದದ್ದನ್ನು ಇದ್ದಂತೆ ಹೇಳಿದರು, ನನಗೂ ಫೋನ್ ಮಾಡಿ ಕರೆಸಿದರು.

ನನಗೆ ಇದು ಲೆಕ್ಕಕ್ಕೇ ಇಲ್ಲದ ಕೆಲಸ. ನನ್ನ ಸಿ.ಡಿ.ಯಲ್ಲಿ ಹೊಸದೊಂದು ಬ್ರೌಸರ್ ಇತ್ತು; ಹೆಚ್ಚು ಸುರಕ್ಷಿತ ಎಂದು ಹೆಸರಾಗಿದ್ದದ್ದು. ಐದೂ ಕಂಪ್ಯೂಟರಿಗೆ ಅದನ್ನು ಹಾಕಿ, ಏನನ್ನೂ ನೆನಪಿಡದಂತೆ ಮಾಡಿ, ನೀಲಿ ಅಕ್ಷರವನ್ನು ಪರದೆಯಿಂದಲೇ ತೆಗೆದೆ. ಭದ್ರತೆ ಎಂದರೇನು ಎಂದು ಅರ್ಧ ಗಂಟೆ ಭಾಷಣವನ್ನೂ ಬಿಗಿದು, ಕಾಫಿ ಕುಡಿದು ಹೊರಟೆ.

ವಾರದೊಳಗೆ ಮತ್ತೆ ಫೋನು. "ಇಂಜಿನಿಯರಪ್ಪ, ಬೇಗ ಬಾರಪ್ಪ. ಜನ ಬಂದು ಬಂದು ವಾಪಸ್ ಹೋಗ್ತಾ ಅವ್ರೆ."

ಹೋಗಿ ನೋಡಿದರೆ ನಿಜ. ನೀಲಿ ಅಕ್ಷರ ಕಾಣದವರು "ಇವತ್ತು ಇಂಟರ್ನೆಟ್ ಇಲ್ಲ ಕಣ್ರಲೇ" ಎಂದು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದರು. ಕೂತವರ ಪಾಡು ಇನ್ನೊಂದು. ಆ ಕಾಲದ ಬಹಳಷ್ಟು ಕನ್ನಡ ತಾಣಗಳು ಪುಟದ ಜೊತೆಗೆ ತಮ್ಮದೇ ಫಾಂಟನ್ನು, ಅಂದರೆ ಅಕ್ಷರಗಳ ಅಚ್ಚನ್ನು ಕಳಿಸುತ್ತಿದ್ದವು. ಅದನ್ನು ತೆಗೆದುಕೊಳ್ಳಲು ಬರುತ್ತಿದ್ದದ್ದು ಹಳೆಯ ಬ್ರೌಸರಿಗೆ ಮಾತ್ರ. ನನ್ನ ಸುರಕ್ಷಿತ ಬ್ರೌಸರಿನಲ್ಲಿ ಕನ್ನಡ ಪತ್ರಿಕೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ರಾಶಿ. ಭದ್ರತೆಯ ಭರದಲ್ಲಿ ನಾನು ಹೊಳಲ್ಕೆರೆಯಲ್ಲಿ ಕನ್ನಡವನ್ನೇ ಕಿತ್ತುಹಾಕಿದ್ದೆ. ಇದನ್ನು ಮೊದಲೇ ಪರೀಕ್ಷಿಸದಿದ್ದದ್ದು ನನ್ನ ತಪ್ಪು, ನಾಚಿಕೆಯಾಯಿತು.

ಅಂದು ಶನಿವಾರ. ಸರೋಜ ಅಲ್ಲೇ ಕೂತಿದ್ದರು. ಅವರೊಬ್ಬರಾದರೂ ನನ್ನ ಪರ ನಿಲ್ಲುತ್ತಾರೆಂದುಕೊಂಡಿದ್ದೆ. ಅವರು ತಲೆ ಎತ್ತದೆ, "ಸಾರ್, ಹಳೇದನ್ನೇ ಹಾಕ್ಕೊಡ್ರಿ" ಎಂದರು.

ನನಗೆ ಸಿಟ್ಟು ಬಂತು. "ಏನ್ರಿ, ನಿಮ್ಮ ಗುಟ್ಟು ಬಯಲಾಗಿದ್ದು ಅದರಲ್ಲೇ ಅಲ್ವೇ? ಮತ್ತೆ ಅದೇ ಬೇಕಾ?"

"ಗೊತ್ತೈತೆ ಸಾರ್. ನಾಕು ದಿನ ಊಟ ಸೇರಿಲ್ಲ ನನಗೆ" ಎಂದರು ಅವರು. ಆಮೇಲೆ ತಲೆ ಎತ್ತಿದರು. "ಆದ್ರೆ ಅದನ್ನ ಕಲಿಯಾಕೆ ಮೂರು ತಿಂಗಳು ಹಿಡೀತು. ಎಲ್ಲಿ ಒತ್ತಿದ್ರೆ ಏನು ಬರ್ತೈತೆ ಅಂತ ಕೈಗೆ ಗೊತ್ತೈತೆ. ಯಾರನ್ನೂ ಕೇಳದೆ ಒಬ್ಬಳೇ ಕುಂತು ನನ್ನ ಕಾಗದ ಓದ್ಕಂತೀನಿ. ಈ ಹೊಸದ್ರಾಗೆ ಎಲ್ಲದಕ್ಕೂ ಪಕ್ಕದೋರನ್ನ ಕರೀಬೇಕು. ಕರೆದ್ರೆ ಅವ್ರು ಬಗ್ಗಿ ನೋಡ್ತಾರೆ. ಇದ್ರಾಗೆ ಗುಟ್ಟು ಎಲ್ಲಿ ಉಳೀತು, ನೀವೇ ಹೇಳ್ರಿ."

ಜನ ಹಳೆಯ ಬ್ರೌಸರಿಗೆ ಅಂಟಿಕೊಳ್ಳುವುದು ಸೋಮಾರಿತನದಿಂದ, ಅಜ್ಞಾನದಿಂದ ಎಂದು ಊರೂರಿನಲ್ಲಿ ಹೇಳಿಕೊಂಡು ತಿರುಗಿದವನು ನಾನು. ಈ ಹೆಣ್ಣುಮಗಳಿಗೆ ಆ ಪರಿಚಯವೇ ಗುಟ್ಟು ಕಾಯುವ ಗೋಡೆಯಾಗಿತ್ತು. ಇದನ್ನು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಗಿರಿಜಮ್ಮ ಕೇಳಿದರು: "ಅಲ್ಲಪ್ಪ, ಉಂಡು ಎದ್ದ ಮೇಲೆ ಎಲೆ ತೆಗೆದು ಎಂಜಲು ಬಳೀತೀವಿ. ಬಳೀದಿರೋ ಜಾಗದಾಗೆ ಇನ್ನೊಬ್ರನ್ನ ಕೂರಿಸ್ತೀವಾ? ಇದ್ರಾಗೂ ಎಂಜಲು ತೆಗೆಯೋಕೆ ಏನಾದ್ರೂ ಐತಾ?"

ಇತ್ತು. ಮೆನುವಿನ ಒಳಗೆ, ಎರಡು ಬೇರೆ ಬೇರೆ ಕಡೆ, ಒಟ್ಟು ಐದು ಗುಂಡಿಗಳು: ಪಾಸ್‌ವರ್ಡ್ ಅಳಿಸುವುದು, ಬರೆದ ಹೆಸರು ಅಳಿಸುವುದು, ನೋಡಿದ ಪುಟಗಳ ಪಟ್ಟಿ ಅಳಿಸುವುದು, ಹೀಗೆ. ನನಗೆ ಗೊತ್ತಿತ್ತು. ಇಷ್ಟೆಲ್ಲ ಇವರು ಮಾಡುವುದುಂಟೇ ಎಂದು ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಈಗ ತೋರಿಸಿದೆ. ಗಿರಿಜಮ್ಮ ಒಂದು ಹಾಳೆಯಲ್ಲಿ ಬರೆದುಕೊಂಡು ಎರಡು ಸಲ ತಾವೇ ಮಾಡಿದರು. ಮೂರನೇ ಸಲ ಹಾಳೆ ನೋಡಲಿಲ್ಲ. ನಾನು ಹಳೆಯ ಬ್ರೌಸರನ್ನು ಮತ್ತೆ ಪರದೆಗೆ ತಂದು, ನೆನಪಿಡುವ ಚಾಳಿಯನ್ನು ಆದಷ್ಟು ನಿಲ್ಲಿಸಿದೆ. ಆದರೆ ಯಾರಾದರೂ ಒಂದು ಕ್ಲಿಕ್ಕಿನಿಂದ ಅದನ್ನು ಮತ್ತೆ ಶುರುಮಾಡಬಹುದಿತ್ತು. ನಿಜವಾದ ಕಾವಲು ಗಿರಿಜಮ್ಮನ ಹಾಳೆಯೇ.

ಅದನ್ನು ಅವರು ಟೈಪಿಂಗ್ ಪಾಠದಂತೆ ಕಲಿಸಿದರು. ಹಣೆಯೆತ್ತರದಲ್ಲಿ ಬೋರ್ಡು: "ಎಂಜಲು ತೆಗೆದು ಏಳಿರಿ." ಐದು ಗುಂಡಿ ಒತ್ತದೆ ಎದ್ದವರನ್ನು ಬಾಗಿಲಿನಿಂದ ವಾಪಸ್ ಕರೆದು ಕೂರಿಸುತ್ತಿದ್ದರು. ಮೊದಲ ವಾರ ಒಬ್ಬರು ಕರವಸ್ತ್ರ ಒದ್ದೆ ಮಾಡಿಕೊಂಡು ಬಂದು ಕೀಬೋರ್ಡನ್ನೇ ಒರೆಸಿದರು. ಅದು ಕೆಟ್ಟಿದ್ದರಿಂದ ನನಗೆ ಇನ್ನೊಂದು ಸಲ ಬಸ್ಸು. ಆದರೆ ತಿಂಗಳ ನಂತರ ನಾನು ಹೋದಾಗ ಕಂಡದ್ದೇ ಬೇರೆ. ಹೊಸದಾಗಿ ಬಂದವರು ಕುರ್ಚಿ ಎಳೆಯುವ ಮೊದಲೇ, "ಎಂಜ್ಲು ತೆಗೆದೈತಾ?" ಎಂದು ಕೇಳುತ್ತಿದ್ದರು. ನನ್ನ ಅರ್ಧ ಗಂಟೆಯ ಭಾಷಣ ಮಾಡದ ಕೆಲಸವನ್ನು ಒಂದು ಮಾತು ಮಾಡಿತ್ತು.

ಇನ್ನು ಉಳಿದದ್ದು ಸಿದ್ಧಪ್ಪನವರು. ಅವರು ಊರಿನಲ್ಲಿ ಏನು ಹೇಳಿದ್ದಾರೋ ಎಂಬ ಭಯ ಸರೋಜ ಅವರಿಗೆ ಇದ್ದೇ ಇತ್ತು. ನಾನು ಅಲ್ಲಿದ್ದ ಒಂದು ದಿನ ಸಿದ್ಧಪ್ಪನವರೇ ಬಂದರು. ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು. ಅರ್ಥ ಕೇಳಿದರು, ಗಿರಿಜಮ್ಮ ಬಿಡಿಸಿ ಹೇಳಿದರು. ಆಮೇಲೆ ಮುದುಕರು ನುಡಿದರು:

"ಹಂಗಾರೆ ಅವತ್ತು ನಾನು ಕುಂತಿದ್ದು ಯಾರದೋ ಎಂಜಲೆಲೆ ಮುಂದೆ. ಯಾರು ಏನು ಉಂಡ್ರು ಅಂತ ಊರ ಮುಂದೆ ಹೇಳ್ಕಂಡು ತಿರುಗೋಕಾಯ್ತದೇನಮ್ಮ? ಆ ಮಗೀಗೆ ಹೇಳು, ನಾನೇನೂ ನೋಡಿಲ್ಲ ಅಂತ."

"ಆ ಮಗೀಗೆ" ಎಂದರು. ಅಂದರೆ ಅದು ಯಾರದೆಂದು ನೋಡಿದ್ದರು, ತಿಳಿದಿದ್ದರು, ಎರಡು ತಿಂಗಳಿಂದ ಒಬ್ಬರಿಗೂ ಹೇಳಿರಲಿಲ್ಲ. ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನೆಟ್ಟಗೆ ಕುಂತ್ಕಳ್ರಿ" ಎಂದು ಅವರಿಗೂ ಗದರಿದರು.

ಆಮೇಲೆ ನಾನು ಹೋದ ಕಡೆಯೆಲ್ಲ ಯಂತ್ರ ಬದಲಿಸುವ ಮೊದಲು ಅದರ ಮುಂದೆ ಕೂತವರನ್ನು "ಇದೇ ಯಾಕೆ ಬೇಕು?" ಎಂದು ಕೇಳಲು ಕಲಿತೆ. ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಅದೇ. ಈ ಬರಹದಲ್ಲಿ ಹೆಸರುಗಳನ್ನೂ ಊರನ್ನೂ ಬದಲಿಸಿದ್ದೇನೆ. ಗಿರಿಜಮ್ಮನ ಶಿಷ್ಯ ಅಷ್ಟಾದರೂ ಮಾಡಬೇಕು.

ಮುಂದಿನ ಬೇಸಿಗೆಯಲ್ಲಿ ಒಂದು ಶನಿವಾರ ಮೂರನೇ ನಂಬರಿನ ಫ್ಯಾನ್ ಸರಿಮಾಡಲು ಹೋಗಿದ್ದೆ. ಸರೋಜ ಆಗಷ್ಟೇ ಎದ್ದಿದ್ದರು. ಕೂತು, ಪರೀಕ್ಷೆಗೆಂದು ಎಸ್ ಒತ್ತಿದೆ. ಏನೂ ಇಳಿಯಲಿಲ್ಲ. ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಅವರೇ. ಚೀಲದಿಂದ ಅರಿಶಿನ ಹಚ್ಚಿದ ಒಂದು ಲಗ್ನಪತ್ರಿಕೆ ತೆಗೆದು ನನ್ನ ಕೈಗಿಟ್ಟರು.

"ಸಂಬಂಧ ಕುದುರಿದ ಮೇಲೆ ನಾನೇ ಮನೇಲಿ ಹೇಳ್ದೆ, ಈಗ ಭಾವನೋರೇ ಮುಂದೆ ನಿಂತು ಮಾಡ್ತಾ ಅವ್ರೆ. ಬರ್ರಿ ಸಾರ್" ಎಂದರು.

ನನಗೂ ಗಿರಿಜಮ್ಮನಿಗೂ ಮದುವೆ ನಿಶ್ಚಯವಾದ ವಿಷಯ ತಿಳಿದದ್ದು ಅವತ್ತೇ, ಅವರಾಗಿಯೇ ಹೇಳಿದ ಮೇಲೆ.