ಚಿಕ್ಕವ್ವನ ಮೀನುಮರಿಗಳು

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದು ನಾನು ಬರೆಯುತ್ತಿರುವ ಮೊದಲನೆಯ ಬರಹ. ಇದುವರೆಗೆ ನನ್ನ ಕೈ ಬರೆದಿರುವುದೆಲ್ಲ ರಜೆಯ ಅರ್ಜಿ, ಜ್ಞಾಪನ ಪತ್ರ, ಮೇಲಧಿಕಾರಿಗಳಿಗೆ ವರದಿ, ಇಷ್ಟೇ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ನನಗೆ ಈಗಲೂ ಅನುಮಾನ ಬರುತ್ತದೆ. ಬೆರಳು ನಡುಗುವುದರಿಂದ ಅಕ್ಷರವೂ ದುಂಡಗಿಲ್ಲ. ಕಾಗುಣಿತದ ಮತ್ತು ಕೈಬರಹದ ದೋಷಗಳನ್ನು ಮನ್ನಿಸಿ, ಕೆಳಕಂಡ ಸಂಗತಿಯನ್ನು ತಮ್ಮ ಅವಗಾಹನೆಗೆ ತೆಗೆದುಕೊಳ್ಳಬೇಕಾಗಿ ಪ್ರಾರ್ಥಿಸುತ್ತೇನೆ.

ಕಳೆದ ತಿಂಗಳು ನಮ್ಮ ಪಕ್ಕದ ಮನೆಯವರು ಗುಲಾಬಿ ಗಿಡಗಳಿಗೆಂದು ಬಾಳೆಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ ತಾರಸಿಯ ಮೇಲೆ ಇಟ್ಟಿದ್ದರು. ಮೂರನೆಯ ದಿನ ಅದರ ಮುಚ್ಚಳ ತೆಗೆದಾಗ ಸಿಹಿಯೂ ಹುಳಿಯೂ ಬೆರೆತ ಕೊಳೆತ ವಾಸನೆಯೊಂದು ಗಾಳಿಯಲ್ಲಿ ತೇಲಿ ಬಂತು. ಒಣಗಿದ ಬಟ್ಟೆಗಳನ್ನು ತೆಗೆಯುತ್ತಿದ್ದ ನಾನು ಕೈಯಲ್ಲಿದ್ದುದನ್ನು ಮರೆತು ನಿಂತೆ. ಅವರಿಗೆ ಅದು ಗೊಬ್ಬರದ ವಾಸನೆ. ನನಗೆ ಮಾತ್ರ ಅದು ಕೊಳ್ಳೇಗಾಲದ ನಮ್ಮ ಮನೆಯ ನಡುಮನೆಯ ವಾಸನೆ, ನನ್ನ ಚಿಕ್ಕವ್ವನ ಬೆರಳುಗಳ ವಾಸನೆ.

ಅವು ಅರವತ್ತರ ದಶಕದ ಕೊನೆಯ ವರ್ಷಗಳು. ನನಗೆ ಆಗ ಎಂಟು ವರ್ಷ. ಊರಿನ ಅಂಚಿನಲ್ಲಿದ್ದ ನಮ್ಮ ನಾಡಹೆಂಚಿನ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೇ ಹೆಚ್ಚಿನ ಮರ್ಯಾದೆ ಸಲ್ಲುತ್ತಿತ್ತು. ಮೊಟ್ಟೆಯ ಹಾಳೆಯ ಮೇಲೆ ಹುಳುಗಳು ಇರುವೆಗಿಂತ ಸಣ್ಣದಾಗಿ ಒಡೆದು ಬಂದ ದಿನ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ, ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ಬೆರಳು ತಾಕಿದರೆ ನಲುಗುವ ಆ ಜೀವಗಳನ್ನು ಹಾಳೆಯಿಂದ ಬಿದಿರಿನ ತಟ್ಟೆಗೆ ಇಳಿಸಲು ಹಕ್ಕಿಯ ಗರಿಯೊಂದಿತ್ತು. ಗರಿ ಹಿಡಿಯುವ ಅಧಿಕಾರ ಕೈಗುಣವುಳ್ಳ ಹೆಂಗಸಿಗೆ ಮಾತ್ರ. ಅಷ್ಟು ಕಾಲ ಅದು ನಮ್ಮ ಅಜ್ಜಿಯ ಕೈಯಲ್ಲಿತ್ತು. ಅಜ್ಜಿಯ ಕಣ್ಣು ಮಂಜಾಗುತ್ತಿದ್ದುದರಿಂದ ಗರಿಯನ್ನು ಇಬ್ಬರು ಸೊಸೆಯರಲ್ಲಿ ಒಬ್ಬರಿಗೆ ಒಪ್ಪಿಸುವ ಕಾಲ ಬಂದಿತ್ತು. ಹಿರಿಯ ಸೊಸೆಯಾದ ನನ್ನ ಅವ್ವ ಮೂರು ಮಕ್ಕಳ ತಾಯಿ. ಕಿರಿಯ ಸೊಸೆ ಚಿಕ್ಕವ್ವ ಹೂಗ್ಯಂ ಎಂಬ ಊರಿನ ಕಡೆಯವಳು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆ ಕಾರಣಕ್ಕೇ ಹುಳುವಿನ ಕೋಣೆಯ ಹೊಸಿಲು ದಾಟುವುದಕ್ಕೆ ಆಕೆಗೆ ಅಪ್ಪಣೆ ಇರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಮಂಕರಿಯನ್ನು ಬಾಗಿಲವರೆಗೆ ಹೊತ್ತು ತಂದು ಇಳಿಸಿ, ಒಂದು ಗಳಿಗೆ ಒಳಗೆ ನೋಡಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹಿಂದಿರುಗುತ್ತಿದ್ದಳು. ಅದನ್ನು ಅನ್ಯಾಯವೆಂದು ನಮ್ಮಲ್ಲಿ ಯಾರೂ ಭಾವಿಸಿರಲಿಲ್ಲ, ನಾನೂ ಭಾವಿಸಿರಲಿಲ್ಲ.

ಒಮ್ಮೆ ಕಚೇರಿಯ ಕೆಲಸದ ಮೇಲೆ ಮದರಾಸಿಗೆ ಹೋಗಿದ್ದ ಚಿಕ್ಕಪ್ಪ ಅಗಲ ಬಾಯಿಯ ಎರಡು ಬಾಟಲಿಗಳಲ್ಲಿ ಒಂದೊಂದು ಫೈಟರ್ ಮೀನನ್ನು ತಂದರು. ಗಂಡು ಕಡುನೀಲಿ, ಅದರ ರೆಕ್ಕೆಗಳು ನೀರಿನಲ್ಲಿ ರೇಷ್ಮೆಯ ಕುಚ್ಚಿನಂತೆ ತೂಗಾಡುತ್ತಿದ್ದವು. ಹೆಣ್ಣು ಮಣ್ಣಿನ ಬಣ್ಣದ್ದು, ಗಿಡ್ಡ ಬಾಲದ್ದು. ಪಟಗಳಿಗೆ ಕಟ್ಟು ಹಾಕುವವನಿಂದ ಗಾಜಿನ ತೊಟ್ಟಿಯೊಂದನ್ನು ಮಾಡಿಸಿ ನಡುಮನೆಯ ಗೋಡೆಗೂಡಿನಲ್ಲಿ ಇಟ್ಟದ್ದಾಯಿತು. ಲಿಂಗವಂತರ ಮನೆಗೆ ಮೀನು ಬಂದ ಸುದ್ದಿ ಬೀದಿಗೆಲ್ಲ ಹರಡಿತು. ಎದುರುಮನೆಯ ಸಿದ್ದಮ್ಮ ಜಗಲಿಯ ಕೆಳಗೆ ನಿಂತು ಕೂಗಿದಳು: "ಏನವ್ವಾ, ಲಿಂಗ ಕಟ್ದೋರ ಮನ್ಗೂ ಮೀನ್ ಬಂದದಂತೆ! ಮಸಾಲೆ ಅರ್ಯಕ್ಕೆ ನಾನ್ ಬರ್ಲಾ?"

ಅಜ್ಜಿ ಕುಳಿತಲ್ಲಿಂದಲೇ ಹೇಳಿದಳು: "ಬಾ ತಾಯಿ. ಬರುವಾಗ ನಿನ್ ನಾಲ್ಗೆನೂ ತಕಂಡ್ ಬಾ, ಅದ್ನೇ ಮೊದ್ಲು ಅರೆದ್ಬುಡವ."

ಚಿಕ್ಕಪ್ಪನ ಉತ್ಸಾಹ ಒಂದು ವಾರ ಇತ್ತು. ಬಳಿಕ ಮೀನುಗಳು ಚಿಕ್ಕವ್ವನ ಪಾಲಿಗೆ ಬಂದವು. ಗಂಡು ಮೀನು ನೀರಿನ ಮೇಲೆ ಎಂಜಲಿನ ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸಿ ನೊರೆಯ ಗೂಡು ಕಟ್ಟಿದ್ದನ್ನು ಮೊದಲು ಕಂಡವಳು ಆಕೆಯೇ. ಹೆಣ್ಣು ಇಟ್ಟ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಅದು ಬಾಯಿಯಲ್ಲಿ ಆರಿಸಿ ತಂದು ಗೂಡಿಗೆ ಏರಿಸುತ್ತಿದ್ದಾಗ ಆಕೆ ನನ್ನನ್ನು ಕೂಗಿ ಕರೆದಳು: "ನೋಡವ್ವಾ, ಇಲ್ಲಿ ಗಂಡ್ಸೇ ಬಾಣಂತನ ಮಾಡೋದು. ನಿಮ್ ಚಿಕ್ಕಪ್ಪನ್ಗೆ ವಸಿ ತೋರ್ಸು." ಆಕೆ ಅಷ್ಟು ಬಾಯಿ ತುಂಬ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಮೀನು ಮಾರಿದವನು ಹೇಳಿಕಳುಹಿಸಿದ್ದ ಕ್ರಮಗಳನ್ನು ಚಿಕ್ಕವ್ವ ಬಾಯಿಪಾಠ ಮಾಡಿಕೊಂಡಿದ್ದಳು. ಮೊಟ್ಟೆ ಇಟ್ಟೊಡನೆ ತಾಯಿಯನ್ನು ಬೇರೆ ಮಾಡಬೇಕು, ಇಲ್ಲದಿದ್ದರೆ ತಿಂದುಬಿಡುತ್ತದೆ. ಮರಿಗಳು ತಾವಾಗಿ ಈಜತೊಡಗಿದ ಮೇಲೆ ತಂದೆಯನ್ನೂ ತೆಗೆಯಬೇಕು. ಆಮೇಲೆ ಬಾಳೆಸಿಪ್ಪೆ ಕೊಳೆತ ನೀರನ್ನು ಹನಿ ಹನಿಯಾಗಿ ಬಿಡಬೇಕು. ಅದರಲ್ಲಿ ಹುಟ್ಟುವ, ಕಣ್ಣಿಗೆ ಕಾಣದ ಕ್ರಿಮಿಗಳೇ ಮರಿಗಳ ಆಹಾರ. ಚಿಕ್ಕವ್ವ ಸಿಪ್ಪೆಯ ನೀರನ್ನು ಮುಂಚಿತವಾಗಿಯೇ ಕುಡಿಕೆಯಲ್ಲಿ ನೆನೆಹಾಕಿ, ದಿನಕ್ಕೆರಡು ಸಲ ಮೂಸಿ ನೋಡುತ್ತಿದ್ದಳು. ಎಳೆಯ ಹುಳುಗಳ ತಟ್ಟೆಗೆ ಹೊದಿಸುವಂತೆಯೇ ತೊಟ್ಟಿಗೂ ಮಡಿಸಿದ ಬಟ್ಟೆ ಹೊದಿಸಿ ಬೆಚ್ಚಗಿಟ್ಟಳು. ಹೊಸಿಲಿನ ಆಚೆಯಿಂದ ನೋಡಿಯೇ ಆಕೆ ಎಲ್ಲವನ್ನೂ ಕಲಿತಿದ್ದಳು.

ಎರಡು ದಿನಗಳಲ್ಲಿ ಮೊಟ್ಟೆಗಳು ಒಡೆದವು. ನೊರೆಯ ಕೆಳಗೆ ಕಣ್ಣು ಮತ್ತು ಬಾಲ ಮಾತ್ರವಿದ್ದ ಎಳೆಗಳು ನೇತಾಡುತ್ತಿದ್ದವು. ಜಾರಿ ಬಿದ್ದದ್ದನ್ನು ತಂದೆ ಬಾಯಲ್ಲಿ ಹಿಡಿದು ಮತ್ತೆ ಗೂಡಿಗೆ ಉಗಿಯುತ್ತಿತ್ತು. ಅಜ್ಜಿ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿ ಚಿಕ್ಕವ್ವನಿಗೆ ಹೇಳಿದಳು: "ಕೂದ್ಲೆಳೆಯಂಗವಲ್ಲೇ! ಇವ್ನ ಬದುಕುಸ್ಬುಡು ನೋಡವ. ಇವು ಉಳುದ್ರೆ ಈ ಸಲ ಗರಿ ನಿನ್ ಕೈಗೇ."

ರಾಗಿ ಬೀಸುತ್ತಿದ್ದ ಅವ್ವನ ಕೈ ಒಂದು ಸುತ್ತು ನಿಂತು ಮತ್ತೆ ತಿರುಗಿತು. ಚಿಕ್ಕವ್ವ ಅಂದಿನಿಂದ ತೊಟ್ಟಿಯ ಬಳಿ ಉಸಿರನ್ನೂ ಮೆಲ್ಲಗೆ ಬಿಡತೊಡಗಿದಳು.

ತಾಯಿ ಮೀನು ಬಾಟಲಿಯೊಂದರಲ್ಲಿ ತೊಟ್ಟಿಯ ಪಕ್ಕದಲ್ಲಿತ್ತು. ಅದು ಸದಾ ತೊಟ್ಟಿಯ ಕಡೆಯ ಗಾಜಿಗೆ ಮುಖವೊತ್ತಿ ನಿಂತಿರುವಂತೆ ನನಗೆ ಕಾಣುತ್ತಿತ್ತು. "ಚಿಕ್ಕವ್ವ, ತಾಯಿ ತನ್ ಮಕ್ಳನ್ನೇ ತಿಂತದಾ?" ಎಂದು ಕೇಳಿದೆ. "ತಿಂತದಂತೆ ಕಣವ್ವ. ಅವು ತನ್ನವು ಅಂತ ಅದ್ಕೆ ಗೊತ್ತಾಗಲ್ವಂತೆ" ಎಂದಳು. ಮಕ್ಕಳನ್ನು ಹೆರದ ಈಕೆಗೆ ತಾಯಿಯ ವಿಷಯ ಏನು ಗೊತ್ತು ಎಂದು ಆಗ ನನಗೆ ಅನ್ನಿಸಿತು. ಆ ಮಾತು ನನ್ನದಲ್ಲ, ಮನೆಯಲ್ಲಿ ಹಿರಿಯರ ಬಾಯಿಂದ ಕೇಳಿದ್ದು. ಆದರೆ ಆ ಗಳಿಗೆಯಲ್ಲಿ ಅದು ನನ್ನದೇ ಆಗಿತ್ತು.

ಮಾರನೆಯ ಮಧ್ಯಾಹ್ನ ಚಿಕ್ಕವ್ವ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಬಟ್ಟೆಯ ಹೊದಿಕೆ ಸರಿಸಿ, ಬಾಟಲಿಯನ್ನು ಎತ್ತಿ ತಾಯಿ ಮೀನನ್ನು ತೊಟ್ಟಿಗೆ ಸುರಿದೆ. ಮರಿಗಳೊಡನೆ ತಾಯಿ ಸೇರಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು ಎಂದು ಬರೆಯಲು ಆಸೆ. ಗರಿ ನನ್ನ ಅವ್ವನಿಗೇ ಸಿಗಲಿ ಎಂಬ ಆಸೆಯೂ ಆ ಕೈಯಲ್ಲಿ ಇರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಮುಂದಿನದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಡೆಯಿತು. ಸುರಿದ ನೀರಿಗೇ ಗೂಡು ಅರ್ಧ ಚದುರಿತು. ಗಂಡು ನೀಲಿ ಜ್ವಾಲೆಯಂತೆ ಅರಳಿ ಹೆಣ್ಣಿನ ಮೇಲೆ ಎರಗಿ ಬಾಲವನ್ನು ಹರಿದುಹಾಕಿತು. ಹೆಣ್ಣು ಓಡುತ್ತಲೇ, ಬೀಳುತ್ತಿದ್ದ ಮರಿಗಳನ್ನು ಬಾಯಿಗೆ ಹಾಕಿಕೊಂಡಿತು. ನಾನು ಎರಡೂ ಕೈ ಮುಳುಗಿಸಿ ಹೇಗೋ ಅದನ್ನು ಹಿಡಿದು ಬಾಟಲಿಗೆ ಹಾಕಿ, ನೀರು ತುಂಬಿಸಿ, ನೆಲವನ್ನು ಲಂಗದಿಂದ ಒರೆಸಿದೆ. ದಿಕ್ಕೆಟ್ಟ ತಂದೆ ಉಳಿದ ಮರಿಗಳನ್ನು ಬಾಯಲ್ಲಿ ಹಿಡಿಯುತ್ತಿತ್ತು. ಈ ಬಾರಿ ಉಗಿಯಲಿಲ್ಲ.

ಚಿಕ್ಕವ್ವ ಬಂದಳು. ತೊಟ್ಟಿಯನ್ನು ನೋಡಿದಳು. ಬಾಟಲಿಯನ್ನು ನೋಡಿದಳು. ನನ್ನ ಒದ್ದೆ ಲಂಗವನ್ನು ನೋಡಿದಳು. ಆಮೇಲೆ ಕಂಕುಳಲ್ಲಿದ್ದ ಬಟ್ಟೆಗಳನ್ನು ಹರವಲು ಹಿತ್ತಲಿಗೆ ಹೋದಳು.

ಮರುದಿನ ಬೆಳಿಗ್ಗೆ ತೊಟ್ಟಿಯಲ್ಲಿ ಒಂದು ಮರಿಯೂ ಉಳಿದಿರಲಿಲ್ಲ. ಎಲ್ಲರೂ ನಡುಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆವು. ಅಜ್ಜಿ ಸಿಟ್ಟಾಗಲಿಲ್ಲ, ಮಳೆ ಬಂತೆಂದು ಹೇಳುವಷ್ಟು ಸಹಜವಾಗಿ ಹೇಳಿದಳು: "ಸತ್ತೋದ್ವಾ? ಅದ್ಕೇ ಯೋಳೋದು, ಎಲ್ಲಾರ್ ಕೈಗೂ ಎಳೇ ಜೀವ ಅಂಟಾಕಿಲ್ಲ."

"ಮೀನ್ ಸತ್ರೆ ಯಾಕವ್ವ ಇಷ್ಟೆಲ್ಲ" ಎಂದು ಚಿಕ್ಕಪ್ಪ ನಕ್ಕಂತೆ ಮಾಡಿ, ಕೈ ತೊಳೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಚಿಕ್ಕವ್ವ ಒಲೆಯ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ಒಂದು ವಾಕ್ಯ ಸಾಕಾಗಿತ್ತು. ನಾನು ಬಾಯಿ ತೆರೆದೆ. ಇನ್ನಷ್ಟು ಚಟ್ನಿ ಬೇಕೆಂದೆ. ಆಕೆಯೇ ತಂದು ಬಡಿಸಿದಳು.

ಹೊಸ ಮೊಟ್ಟೆಯ ಹಾಳೆ ಬಂದಾಗ ಆ ಹುಳುವಿನ ಬೆಳೆಗೆ ಗರಿ ಅವ್ವನ ಕೈಗೆ ಹೋಯಿತು. ಚಿಕ್ಕವ್ವ ಎಂದಿನಂತೆ ಸೊಪ್ಪಿನ ಮಂಕರಿಯನ್ನು ಬಾಗಿಲಲ್ಲಿ ಇಳಿಸಿದಳು, ಆದರೆ ಒಳಗೆ ನೋಡಲಿಲ್ಲ. ಆ ಮನೆಯಲ್ಲಿ ಇರುವವರೆಗೂ ಆಕೆ ಒಳಗೆ ನೋಡಿದ್ದನ್ನು ನಾನು ಕಾಣೆ. ಮುಂದೆ ಚಿಕ್ಕಪ್ಪನಿಗೆ ಯಳಂದೂರಿಗೆ ವರ್ಗವಾಗಿ ಇಬ್ಬರೂ ಹೊರಟುಹೋದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ನೌಕರಿಯ ಆದೇಶ ಬಂತು. ಆಶೀರ್ವಾದ ಪಡೆಯಲೆಂದು ಯಳಂದೂರಿಗೆ ಹೋದೆ. ಚಿಕ್ಕವ್ವ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಕಾಲಿಗೆರಗಿ ಎದ್ದು, "ಚಿಕ್ಕವ್ವ, ಆ ಮೀನು..." ಎಂದು ತೊದಲಿದೆ.

"ಗೊತ್ತು ಕಣವ್ವ" ಎಂದಳು, ಮೊರದಿಂದ ಕಣ್ಣೆತ್ತದೆ. "ಅದ್ರ ಬಾಲ ಅರುದಿತ್ತಲ್ಲ."

"ಮತ್ಯಾಕೆ ಯಾರ್ಗೂ ಯೋಳ್ನಿಲ್ಲ?"

"ಮಕ್ಳಿಲ್ದೋಳು ಮಗೀನ ಮ್ಯಾಲೆ ತಪ್ಪು ಆಕ್ತಾವ್ಳೆ ಅನ್ನೋರು. ಅದು ನಾನ್ ಯೋಳೋ ಮಾತಲ್ಲ. ನೀನ್ ಯೋಳ್ತೀಯೇನೋ ಅಂತ ಕಾದೆ. ಹೊಸ ಮೊಟ್ಟೆ ಹಾಳೆ ಮನೇಗ್ ಬರೋಗಂಟ ಕಾದೆ." ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. "ಉಂಡ್ಕಂಡ್ ಓಗು."

ನಾನು ಉಂಡೆ. ಕೊಳ್ಳೇಗಾಲದ ಮನೆಯಲ್ಲಿ ಅಜ್ಜಿ ಆಗ ಇನ್ನೂ ಬದುಕಿದ್ದಳು. ಕಣ್ಣು ಪೂರ್ತಿ ಹೋಗಿತ್ತು, ಕಿವಿ ಚುರುಕಾಗಿತ್ತು. ಹೇಳಿಯೇ ತೀರುತ್ತೇನೆಂದು ಬಸ್ಸಿನುದ್ದಕ್ಕೂ ವಾಕ್ಯವನ್ನು ಜೋಡಿಸಿಕೊಂಡು ಬಂದು ಆಕೆಯ ಪಕ್ಕದಲ್ಲಿ ಕುಳಿತೆ. "ಅವ್ಳು ಎಂಗವ್ಳೆ?" ಎಂದು ಅಜ್ಜಿ ಕೇಳಿದಳು. "ಚೆನ್ನಾಗವ್ಳೆ" ಎಂದೆ. ಅಜ್ಜಿ ನನ್ನ ಕೈಯನ್ನು ತಡವಿ, "ನಿಂದು ಒಳ್ಳೇ ಕೈ ಕಣವ್ವ, ನಿಮ್ಮವ್ವನಂಗೆ" ಎಂದಳು. ನಾನು ಕೈಯನ್ನು ಹಿಂದೆಗೆಯಲಿಲ್ಲ. ಆ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಚಿಕ್ಕವ್ವನ ಕೈಯ ಬಗ್ಗೆ ತಾನು ಆಡಿದ ಮಾತನ್ನು ನಂಬಿಕೊಂಡೇ ತೀರಿಕೊಂಡಳು. ಈಗ ಚಿಕ್ಕವ್ವನೂ ಇಲ್ಲ, ಅವ್ವನೂ ಇಲ್ಲ. ಮನೆ ಪಾಲಾಗಿ, ಕೈಬದಲಾಗಿ, ಹುಳುವಿನ ಕೋಣೆ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ನಾನು ಯಾರಿಗೆ ಹೇಳಬೇಕಾಗಿತ್ತೋ ಅವರಲ್ಲಿ ಒಬ್ಬರೂ ಉಳಿದಿಲ್ಲವಾದ್ದರಿಂದ ತಮಗೆ ಬರೆಯುತ್ತಿದ್ದೇನೆ.

ಓದುಗರು ಈ ಬರಹದಲ್ಲಿ ಕಂಡುಬರುವ ಕಾಗುಣಿತ ಹಾಗೂ ವಾಕ್ಯರಚನೆಯ ದೋಷಗಳನ್ನು ದಯಮಾಡಿ ತಿದ್ದಿಕೊಡಬೇಕಾಗಿ ವಿನಂತಿ. ಆದರೆ, ಚಿಕ್ಕ ಹುಡುಗಿ, ತಿಳಿಯದೆ ಮಾಡಿದಳು ಎಂಬ ಅರ್ಥ ಬರುವಂತೆ ಎಲ್ಲಿಯೂ ಒಂದು ಪದವನ್ನೂ ಸೇರಿಸಬಾರದಾಗಿ ಕೋರುತ್ತೇನೆ. ಬಾಟಲಿಯನ್ನು ಎತ್ತಿದಾಗ ನನಗೆ ಎಂಟು ವರ್ಷ. ಅಜ್ಜಿಯ ಪಕ್ಕದಲ್ಲಿ ಕುಳಿತಾಗ ಹತ್ತೊಂಬತ್ತು.