ತಗಡಿನ ಸೈನಿಕನ ಸಾಕ್ಷಿ

ನಾನು ಒಂದು ಕಾಲದಲ್ಲಿ ಫ್ರಾನ್ಸ್ ದೇಶದ ಪರವಾಗಿ ಯುದ್ಧ ಮಾಡಿದ್ದೇನೆ. ಎದೆಗೆ ಕೊಬ್ಬರಿ ಎಣ್ಣೆಯ ಡಬ್ಬ ಕತ್ತರಿಸಿ ಬಡಿದ ತಗಡು, ತಲೆಗೆ ನಮ್ಮ ಮನೆಯ ಸಾರಿನ ಪಾತ್ರೆ, ಕೈಯಲ್ಲಿ ರಟ್ಟಿನ ಖಡ್ಗ. ತಗಡಿನ ಒಳಗಿನ ಜಿಡ್ಡು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ನನ್ನ ಅಂಗಿ ಕಮಟು ನಾತ ಹೊಡೆಯುತ್ತಿತ್ತು. ಎದುರಿನ ಇಂಗ್ಲಿಷ್ ಸೈನ್ಯದಲ್ಲಿ ಒಟ್ಟು ಐದು ಜನ. ಅವರು ಸತ್ತು ಬಿದ್ದು, ಪರದೆಯ ಹಿಂದೆ ತೆವಳಿಕೊಂಡು ಹೋಗಿ, ಟೊಪ್ಪಿಗೆ ಬದಲಿಸಿ ಫ್ರೆಂಚರಾಗಿ ಬರುತ್ತಿದ್ದರು. ಅಷ್ಟು ಸಲೀಸಾಗಿ ಪಕ್ಷ ಬದಲಿಸುವವರನ್ನು ಆಮೇಲೆ ನಾನು ಟಿ.ವಿ.ಯ ರಾಜಕೀಯ ಸುದ್ದಿಯಲ್ಲಿ ಮಾತ್ರ ನೋಡಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಕಾರವಾರದ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ನಾಟಕ ಬರೆದವರು ನಮ್ಮ ಇಂಗ್ಲಿಷ್ ಉಪನ್ಯಾಸಕರು. ತಾವು ಯುರೋಪಿನಲ್ಲಿ ಹುಟ್ಟಬೇಕಾಗಿತ್ತು, ಯಾರದೋ ತಪ್ಪಿನಿಂದ ಕಾಳಿ ನದಿಯ ದಂಡೆಯಲ್ಲಿ ಹುಟ್ಟಿದೆವು ಎಂಬ ಕೊರಗು ಅವರ ಮುಖದಲ್ಲಿ ಸದಾ ಇರುತ್ತಿತ್ತು. ಕಥೆ ಇಷ್ಟೆ. ಐದಾರು ನೂರು ವರ್ಷದ ಹಿಂದೆ ಫ್ರಾನ್ಸಿನ ಹಳ್ಳಿಯೊಂದರ ರೈತನ ಮಗಳು, ಓದು ಬರಹ ಬಾರದವಳು, ಮಹಾ ದೈವಭಕ್ತೆ, ತನಗೆ ದೇವರ ಧ್ವನಿ ಕೇಳಿಸುತ್ತದೆ ಎಂದು ಗಂಡುಡುಗೆ ತೊಟ್ಟು ಸೈನ್ಯದ ಮುಂದೆ ನಿಂತಳು. ಗೆದ್ದಳು. ಕೊನೆಗೆ ಅವಳನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಅವಳ ಹೆಸರನ್ನು ನಾವು ಒಬ್ಬೊಬ್ಬರು ಒಂದೊಂದು ತರಹ ಕೆಡಿಸುತ್ತಿದ್ದೆವು. ಸರ್ ರೋಸಿಹೋಗಿ ನಾಟಕದುದ್ದಕ್ಕೂ ಅವಳನ್ನು ಬರೀ 'ಹುಡುಗಿ' ಎಂದು ಮಾಡಿಬಿಟ್ಟರು.

ನನ್ನದು ಹೊಸದಾಗಿ ಸೈನ್ಯಕ್ಕೆ ಸೇರಿದ ತರುಣನ ಪಾತ್ರ. ಮೊದಲ ಯುದ್ಧದಲ್ಲೇ ಓಡಿಹೋಗಲು ನೋಡುತ್ತಾನೆ. ಹುಡುಗಿ ತೋಳು ಹಿಡಿದು "ನನ್ನ ಪಕ್ಕದಲ್ಲಿ ನಿಲ್ಲು" ಎನ್ನುತ್ತಾಳೆ. ಅಲ್ಲಿಂದ ಅವನು ಅವಳನ್ನು ಬಿಟ್ಟು ಕದಲುವುದಿಲ್ಲ. ಇಡೀ ನಾಟಕದಲ್ಲಿ ಅವನಿಗಿದ್ದದ್ದು ಒಂದೇ ದೊಡ್ಡ ಮಾತು. ದಂಡನಾಯಕ ಹುಡುಗಿಯನ್ನು ನಂಬದೆ ನಕ್ಕಾಗ ಅವನು ಮಂಡಿಯೂರಿ ಹೇಳಬೇಕು: "ಇವಳ ಬಾಯಲ್ಲಿ ಬರುವುದು ದೇವರ ಮಾತು. ನಾನು ಪಕ್ಕದಲ್ಲೇ ಇದ್ದೆ. ನಾನೇ ಸಾಕ್ಷಿ." ಈ ಮೂರು ವಾಕ್ಯಗಳನ್ನು ನಾನು ಕೋಡಿಬಾಗದ ನಮ್ಮ ಮನೆಯ ಬಚ್ಚಲಲ್ಲಿ ತಿಂಗಳಿಡೀ ಕೂಗಿದೆ. ಬಿಸಿನೀರು ಕಾಯಿಸಲು ಬಂದ ಅಮ್ಮ ನನಗೆ ಹುಚ್ಚು ಹಿಡಿದಿದೆ ಎಂದೇ ತಿಳಿದಿದ್ದಳು. ಆಗ ನಾನು ದೇವರನ್ನು ನಂಬುತ್ತಿರಲಿಲ್ಲ. ನಾಲ್ಕು ಪುಸ್ತಕ ಓದಿ, ದೇವರ ಜೊತೆಗೆ ದೇವರನ್ನು ನಂಬುವವರೆಲ್ಲರನ್ನೂ ತಳ್ಳಿಹಾಕಿದ್ದೆ. ದೇವರಿಲ್ಲ ಎಂದು ಹೇಳಲು ನಾಲ್ಕು ಪುಸ್ತಕ ಧಾರಾಳವಾಯಿತು ಎಂದು ಆಗ ಅನ್ನಿಸಿತ್ತು.

ಹುಡುಗಿಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಪ್ಯಾಂಟು ಹಾಕಬೇಕು, ಕೊನೆಗೆ ಸುಟ್ಟುಕೊಳ್ಳಬೇಕು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ಎರಡೂ ಒಂದೇ ಎನ್ನಿಸಿರಬೇಕು. ಒಪ್ಪಿದವಳು ನಮ್ಮ ತರಗತಿಯ ಕೊನೆಯ ಬೆಂಚಿನವಳು. ಅವಳ ಅಪ್ಪ ಬೈತಖೋಲದ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಅವರ ಮೂಲ ಮನೆ ಚೆಂಡಿಯಾದ ಕಡೆ. ನೌಕಾನೆಲೆಗೆ ಜಾಗ ಹೋದ ಮೇಲೆ ಅಂಕೋಲೆ ರಸ್ತೆಯ ಪುನರ್ವಸತಿ ಕಾಲೋನಿಗೆ ಬಂದು ನಾಲ್ಕೈದು ವರ್ಷವಾಗಿತ್ತು. ಅವಳು ಸೋಮವಾರ ಉಪವಾಸ ಮಾಡುತ್ತಿದ್ದಳು, ರಂಗದ ಮೇಲೆ ಚಪ್ಪಲಿ ಹಾಕುತ್ತಿರಲಿಲ್ಲ. ಪ್ಯಾಂಟು ಹಾಕಲು ಮಾತ್ರ ಒಂದು ಮಾತೂ ಆಡಲಿಲ್ಲ. ಧಾರವಾಡಕ್ಕೆ ಹೋಗಿ ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಕಲಿಸುವವಳಾಗಬೇಕು ಎಂಬುದು ಅವಳಿಗಿದ್ದ ಒಂದೇ ಆಸೆ. ಅದನ್ನು ಕೇಳಿದಾಗಲೂ ನಾನು ಮೂಗು ಮುರಿದಿದ್ದೆ. ಹೈಸ್ಕೂಲು ಟೀಚರು ಆಗುವುದು ಒಂದು ಆಸೆಯೇ ಎಂದು.

ಜಗಳ ಶುರುವಾದದ್ದು ಧ್ವನಿ ಕೇಳಿಸುವ ದೃಶ್ಯದಲ್ಲಿ. ಹುಡುಗಿಗೆ ದೇವರ ಧ್ವನಿ ಕೇಳಿಸಿತು ಎಂದು ನಮ್ಮ ಜನಕ್ಕೆ ಹೇಗೆ ತಿಳಿಸುವುದು? ಯುರೋಪನ್ನು ಅಷ್ಟೊಂದು ಮೋಹಿಸುತ್ತಿದ್ದ ಸರ್ ಕೊನೆಗೆ ಕೈ ಹಾಕಿದ್ದು ಕಾರವಾರದ ಓಣಿಗೇ. "ಭಾರ ಬಂದವರ ಹಾಗೆ ನಡುಗು" ಎಂದರು. ಭಾರ ಎಂದರೆ ನಮ್ಮ ಕಡೆ ದೇವರು ಮೈಮೇಲೆ ಬರುವುದು. ಬಂದಾಗ ಜನ ಎದುರಿಗೆ ಕೂತು ತಮ್ಮ ಕಷ್ಟ ಕೇಳುತ್ತಾರೆ, ದೇವರು ಆ ಬಾಯಿಂದ ಉತ್ತರ ಹೇಳುತ್ತದೆ.

ಅವಳು ಖಡ್ಗ ಕೆಳಗಿಟ್ಟಳು. "ಅದೊಂದ್ ಬೇಡ ಸರ್. ಭಾರ ಅಂದ್ರೆ ನಮ್ಮಲ್ಲಿ ಆಟ ಅಲ್ಲ."

"ಇದು ಸಿಂಬಾಲಿಕ್" ಎಂದರು ಸರ್. ತಮಗೆ ಉತ್ತರ ತಿಳಿಯದಾಗಲೆಲ್ಲ ಅವರು ಹೇಳುತ್ತಿದ್ದ ಮಾತು ಅದು.

ಕೊನೆಗೆ ಅವಳು ಒಪ್ಪಿದಳು. ಆದರೆ ಪ್ರತಿ ಸಲ ತಾಲೀಮಿಗೆ ಮೊದಲು ರಂಗದ ಮೂಲೆಯಲ್ಲಿ ಒಂದು ವೀಳ್ಯದೆಲೆ, ಅದರ ಮೇಲೊಂದು ಅಡಿಕೆ ಇಟ್ಟು ಕೈಮುಗಿಯುತ್ತಿದ್ದಳು. ತಪ್ಪುಕಾಣಿಕೆಯಂತೆ. ಸುಳ್ಳೇ ನಡುಗುವುದಕ್ಕೆ ದೇವಿಯಲ್ಲಿ ಮುಂಚಿತವಾಗಿ ಕ್ಷಮೆ. ಇಂಗ್ಲಿಷ್ ಸೈನ್ಯದವರು ಆ ಅಡಿಕೆ ಕದ್ದು ತಿನ್ನುತ್ತಿದ್ದರು. ನಾನು ತಿನ್ನುತ್ತಿರಲಿಲ್ಲ, ತಿನ್ನುವವರಿಗೆ ಕಾವಲು ನಿಲ್ಲುತ್ತಿದ್ದೆ.

ಒಂದು ದಿನ ರಟ್ಟಿನ ಖಡ್ಗಗಳಿಗೆ ಬೇಗಡೆ ಹಚ್ಚುತ್ತ ಕೂತಾಗ ಅವಳು ತನ್ನ ಭಯದ ಕಾರಣ ಹೇಳಿದಳು. ಅವರ ಊರ ದೇವಿ ಒಂದು ಕಲ್ಲು. ಊರು ಬಿಡುವಾಗ ಆ ಕಲ್ಲನ್ನು ಹೊಸ ಕಂಬಳಿಯಲ್ಲಿ ಸುತ್ತಿ ಟೆಂಪೊದಲ್ಲಿ ತಂದು ಕಾಲೋನಿಯ ಆಲದ ಗಿಡದ ಬುಡದಲ್ಲಿ ಕೂರಿಸಿದರು. ಆದರೆ ಭಾರ ಬರುತ್ತಿದ್ದ ಮುದುಕ ಊರು ಬಿಡುವ ಮೊದಲೇ ತೀರಿಕೊಂಡಿದ್ದ. ಹೊಸ ಜಾಗದಲ್ಲಿ ದೇವಿ ಯಾರ ಮೈಮೇಲೂ ಬರಲಿಲ್ಲ.

"ನಮ್ಮೋರು ಕಾಯ್ತಾ ಅವ್ರೆ. ದೇವಿ ಸಂಗ್ತಿಗೆ ಬಂತೋ, ಬರೇ ಕಲ್ಲು ಬಂತೋ ಅಂತ ಗೊತ್ತಾಗೂದಿಲ್ಲ ಅಲ್ಲ. ನಮ್ಮಜ್ಜಿ ದಿನಾ ಹೋಗಿ ಕೂತ್ಕಂತದೆ. ಸರಿಯಾಗಿ ಉಣ್ಣೂದೂ ಇಲ್ಲ."

"ಬಂದರೆ ಒಳ್ಳೇದೇ ಅಲ್ಲವಾ?" ಎಂದೆ.

"ಭಾರ ಬಂದೋರ ಗತಿ ಮುಗೀತು. ಕಾಲೋನಿ ಬಿಟ್ಟು ಒಂದ್ ರಾತ್ರಿ ಹೊರಗೆ ಇರೂಹಂಗಿಲ್ಲ, ಹೊರಗೆ ಉಣ್ಣೂಹಂಗಿಲ್ಲ. ಧಾರವಾಡ ಎಲ್ಲಿಂದ ಬಂತು?"

ನಾನು ಏನು ಹೇಳಿದೆ ಗೊತ್ತೆ? "ನಿಮ್ಮ ದೇವಿಗೆ ಹೊಸ ವಿಳಾಸ ಯಾರೂ ಬರೆದು ಕೊಟ್ಟಿಲ್ಲವೇನೋ" ಎಂದೆ. ಸುತ್ತ ಕೂತವರು ಬಿದ್ದು ಬಿದ್ದು ನಕ್ಕರು. ಅವಳು ಬೇಗಡೆ ಹಚ್ಚುವುದನ್ನು ಮುಂದುವರಿಸಿದಳು.

ನಾಟಕ ಸ್ಪರ್ಧೆ ಇದ್ದದ್ದು ಅಂಕೋಲೆಯಲ್ಲಿ, ಒಂದು ಶಾಲೆಯ ಬಯಲಿನ ಪೆಂಡಾಲಿನಲ್ಲಿ. ಮಧ್ಯಾಹ್ನ ಮೂರರ ಸುಡು ಬಿಸಿಲು. ಮುಖ್ಯ ಅತಿಥಿಗಳು ಕಲೆಯ ಬಗ್ಗೆ ಮುಕ್ಕಾಲು ತಾಸು ಮಾತಾಡಿ, ಕಲೆ ಶುರುವಾಗುವ ಮೊದಲೇ ಕಾರು ಹತ್ತಿ ಹೋದರು. ಮೂವರು ತೀರ್ಪುಗಾರರಲ್ಲಿ ಒಬ್ಬರು ನಿದ್ದೆ ಮಾಡುತ್ತಿದ್ದರು, ಅಂದು ಅತ್ಯಂತ ಪ್ರಾಮಾಣಿಕವಾಗಿ ನಡೆದುಕೊಂಡವರು ಅವರೇ. ಕಾಲೋನಿ ಹತ್ತಿರವಾದ್ದರಿಂದ ಅವಳ ಅಜ್ಜಿ ಏಳೆಂಟು ಹೆಂಗಸರ ಜೊತೆ ಬಂದು ಎದುರಿನ ಜಮಖಾನೆಯ ಮೇಲೆ ಕೂತಿದ್ದಳು. ಆ ಮುದುಕಿ ತನ್ನ ಜನ್ಮದಲ್ಲಿ ನಾಟಕ ನೋಡಿದವಳಲ್ಲ ಎಂದು ಮೊಮ್ಮಗಳು ನಮಗೆ ಮೊದಲೇ ಹೇಳಿದ್ದಳು.

ಯುದ್ಧ ನಡೆಯಿತು. ನಾನು ಓಡಲು ನೋಡಿದೆ, ಅವಳು ತೋಳು ಹಿಡಿದಳು, ನಿಂತೆ. ಸಾರಿನ ಪಾತ್ರೆ ಕಣ್ಣಿನ ಮೇಲೆ ಜಾರಿ ಇಬ್ಬರು ಇಂಗ್ಲಿಷರನ್ನು ನೋಡದೆಯೇ ಕೊಂದೆ. ಆಮೇಲೆ ಆ ದೃಶ್ಯ ಬಂತು. ದಂಡನಾಯಕ ನಗಲು ಸಜ್ಜಾಗಿ ನಿಂತ. ಅವಳು ಕಣ್ಣು ಮುಚ್ಚಿ ನಡುಗತೊಡಗಿದಳು. ತಾಲೀಮಿನಲ್ಲಿ ಎಂದೂ ಹಾಗೆ ನಡುಗಿರಲಿಲ್ಲ. ಅವಳ ಎದೆಯ ತಗಡು ಕಟಕಟ ಸದ್ದು ಮಾಡಿತು.

ಅಜ್ಜಿ ಎದ್ದು ನಿಂತಳು. ಯಾರಾದರೂ ತಡೆಯುವ ಮೊದಲೇ ಮೊಣಕಾಲೆತ್ತರದ ರಂಗ ಹತ್ತಿ ಬಂದು ಮೊಮ್ಮಗಳ ಕಾಲ ಬಳಿ ಕೂತು ಸೆರಗು ಒಡ್ಡಿದಳು.

"ಬಂದ್ಯಾ ತಾಯೇ? ಇಷ್ಟ್ ದಿನ ಎಲ್ಲಿದ್ಯೇ? ನಮ್ ಸಂಗ್ತಿಗೆ ಬಂದ್ಯಾ, ಅಲ್ಲೇ ಉಳ್ಕಂಡ್ಯಾ? ಒಂದ್ ಮಾತ್ ಹೇಳು."

ನಡುಕ ನಿಂತಿತು. ಅವಳು ಕಣ್ಣು ತೆರೆದು ಅಜ್ಜಿಯನ್ನು ನೋಡಿದಳು. ಇದೂ ನಾಟಕದಲ್ಲಿದೆ ಎಂದುಕೊಂಡ ಜನ ಗಪ್‌ಚಿಪ್ಪಾಗಿ ಕೂತಿದ್ದರು. ಪಕ್ಕದ ಪರದೆಯ ಸಂದಿಯಿಂದ ಸರ್ ಎರಡೂ ಕೈ ಬೀಸಿ ಮುಂದುವರಿಸಿ ಎಂದು ಸನ್ನೆ ಮಾಡುತ್ತಿದ್ದರು. ಅವಳು ಖಡ್ಗ ಕೆಳಗೆ ಹಾಕಿ ಬಗ್ಗಿದಳು, ಬಾಯಿ ತೆರೆದಳು. ಇದು ನಾಟಕ ಅಜ್ಜಿ ಎಂದು ಹೇಳುವವಳಿದ್ದಳು. ಅದರಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ.

ಆದರೆ ದಂಡನಾಯಕನಾದವನು ಗಾಬರಿಯಲ್ಲಿ ನಗುವುದನ್ನೇ ಮರೆತಿದ್ದ. ಅವನು ನಗದಿದ್ದರೆ ನನ್ನ ಮಾತಿಲ್ಲ. ತಿಂಗಳಿಡೀ ಬಚ್ಚಲಲ್ಲಿ ಕೂಗಿದ ಮಾತು ಒಬ್ಬ ಹಳ್ಳಿ ಮುದುಕಿಯ ದೆಸೆಯಿಂದ ಮಣ್ಣುಪಾಲಾಗುತ್ತಿದೆ ಎಂದು ನನಗೆ ಮೈಯೆಲ್ಲ ಉರಿಯಿತು. ನಾನು ಧಡಕ್ಕನೆ ಮಂಡಿಯೂರಿದೆ. "ಇವಳ ಬಾಯಲ್ಲಿ ಬರುವುದು ದೇವರ ಮಾತು. ನಾನು ಪಕ್ಕದಲ್ಲೇ ಇದ್ದೆ. ನಾನೇ ಸಾಕ್ಷಿ."

ಪೆಂಡಾಲು ಕಿತ್ತುಹೋಗುವ ಹಾಗೆ ಚಪ್ಪಾಳೆ. ಅಜ್ಜಿ ನನ್ನ ಕಡೆ ತಿರುಗಿ ಸಾರಿನ ಪಾತ್ರೆ ಹೊತ್ತ ನನಗೂ ಕೈಮುಗಿದಳು. ಅವಳ ಮುಖ ಅಳುತ್ತಿತ್ತು, ನಗುತ್ತಲೂ ಇತ್ತು. ಕೆಳಗೆ ಕೂತ ಹೆಂಗಸರು ಎದ್ದು ನಿಂತು ಕೈಜೋಡಿಸಿದ್ದರು. ಹುಡುಗಿ ತೆರೆದ ಬಾಯಿ ಮುಚ್ಚಿದಳು. ಆಮೇಲೆ ನಾವು ಅವಳನ್ನು ಕೆಂಪು ಕಾಗದದ ಬೆಂಕಿಯಲ್ಲಿ ಪದ್ಧತಿ ಪ್ರಕಾರ ಸುಟ್ಟೆವು.

ನಾಟಕಕ್ಕೆ ಎರಡನೇ ಬಹುಮಾನ ಬಂತು. ನನಗೆ ಒಳ್ಳೆಯ ಪೋಷಕ ನಟ ಎಂದು ಒಂದು ಗೋಡೆ ಗಡಿಯಾರ ಕೊಟ್ಟರು. ಮೂರೇ ತಿಂಗಳಿಗೆ ಅದು ನಿಂತುಹೋಯಿತು. ಅವಳು ಇನ್ನೊಮ್ಮೆ ಮಾತ್ರ ಕಾಲೇಜಿಗೆ ಬಂದಳು, ತಗಡಿನ ಕವಚ ತಿರುಗಿ ಕೊಡಲು. ಕಾಲೋನಿಯವರು ಸೋಮವಾರ ಕಾಯಿ ಹಿಡಿದು, ದೇವಿಯಲ್ಲಿ ಕಷ್ಟ ಕೇಳಲು ಅವಳ ಮನೆಗೆ ಬಂದಿದ್ದರು ಎಂದು ಯಾರೋ ಹೇಳಿದರು. ಕ್ಯಾಂಟೀನಿನಲ್ಲಿ ನಾನು ಕಾಲ ಮೇಲೆ ಕಾಲು ಹಾಕಿ, ಓದು ಬರಹ ಕಲಿತೂ ಮೌಢ್ಯ ಬಿಡಲಾರದವರ ಬಗ್ಗೆ ಭಾಷಣ ಬಿಗಿದೆ. ಅವಳಿಗೆ ದೇವಿಯಾಗಿ ಮೆರೆಯುವುದು ಇಷ್ಟವಾಗಿದೆ ಎಂದೆ. ಮುಂದೆ ಎಷ್ಟೋ ವರ್ಷ ಮದುವೆ ಮುಂಜಿಯ ಮನೆಗಳಲ್ಲಿ ಅಜ್ಜಿ ರಂಗ ಹತ್ತಿದ ಕಥೆಯನ್ನು ಅಜ್ಜಿಯ ದನಿಯಲ್ಲೇ ಹೇಳಿ ನಗಿಸಿದೆ. ಚೆನ್ನಾಗಿಯೇ ಹೇಳುತ್ತಿದ್ದೆ.

ಬೇರೇನೂ ಸಿಗದೆ ನಾನು ಧಾರವಾಡಕ್ಕೆ ಹೋಗಿ ಬಿ.ಎಡ್. ಮಾಡಿದೆ. ಅಂಕೋಲೆ ತಾಲೂಕಿನಲ್ಲಿ ಹೈಸ್ಕೂಲು ಮಾಸ್ತರನಾದೆ. ಐದಾರು ವರ್ಷ ಕಳೆದ ಮೇಲೆ ಮನೆ ಮನೆ ಎಣಿಸುವ ಸರಕಾರಿ ಕೆಲಸಕ್ಕೆ ನನ್ನನ್ನು ಹಾಕಿದರು, ಪಾಲಿಗೆ ಬಂದದ್ದು ಅವಳ ಕಾಲೋನಿ. ಅವಳು ಜಗಲಿಯ ಮೇಲೆ ಮೀನು ಹೆಚ್ಚುತ್ತಿದ್ದಳು. ಗುರುತು ಹಿಡಿದು, ಕೈ ತೊಳೆದು, ಕುರ್ಚಿ ತಂದಿಟ್ಟಳು. ನಾನು ಮಾಸ್ತರನಾದೆ ಎಂದು ಕೇಳಿ "ಒಳ್ಳೇದಾಯ್ತು" ಎಂದಳು. ಆ ಮಾತಿನಲ್ಲಿ ಚುಚ್ಚು ಹುಡುಕಿದೆ, ಇರಲಿಲ್ಲ. ಉದ್ಯೋಗ ಏನೆಂದು ಬರೆಯಲಿ ಎಂದೆ.

"ಏನ್ ಬೇಕಾದ್ರೂ ಬರಿ. ಸೋಮವಾರ ಸೋಮವಾರ ನಡುಗೂದು."

ಅವಳ ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದಳು. ನಾನು ಪೆನ್ನು ಮುಚ್ಚಿ, ಭಾರ ನಿಜವಾಗಿ ಬರುತ್ತದೆಯೇ ಎಂದು ಕೇಳಿದೆ. ಈಗಲೂ ಅವಳನ್ನು ಹಿಡಿದುಹಾಕುವ ಚಪಲ ನನಗೆ.

"ಒಂದ್ ದಿನನೂ ಬರ್ಲಿಲ್ಲ."

"ಮತ್ತೆ ಅವತ್ತು ಬಂತು ಅಂತ ಯಾಕೆ ಅಂದೆ?"

"ನಾ ಎಲ್ಲಿ ಅಂದೆ? ಅಂದೋನು ನೀನು. ನಾ ಅಲ್ಲ ಅನ್ಲಿಲ್ಲ, ಅಷ್ಟೇಯ. ಆ ದಿನ ಮನೆಗೆ ಬಂದು ಅಜ್ಜಿ ಎರಡು ಸಲ ಬಡಿಸ್ಕಂಡು ಉಂಡ್ತು. ಊರು ಬಿಟ್ಟ ಮೇಲೆ ಅದೇ ಮೊದಲು. ಆಮೇಲೆ ಹೆಂಗೆ ಹೇಳೂದು?"

ನನಗೆ ಕ್ಯಾಂಟೀನಿನ ಭಾಷಣಕಾರನ ಮೇಲೆ, ಮದುವೆ ಮನೆಗಳಲ್ಲಿ ಕುಣಿದ ಕೋಡಂಗಿಯ ಮೇಲೆ ಹೇಸಿಗೆ ಬಂತು. ಸುಳ್ಳು ಎಂದರೆ ನಡುಗುವ ಹೆಂಗಸನ್ನು ವಾರಕ್ಕೊಮ್ಮೆ ಸುಳ್ಳು ಹೇಳುವ ಕೆಲಸಕ್ಕೆ ಹಚ್ಚಿದವನು ನಾನು. ಒಂದು ಚಪ್ಪಾಳೆಗಾಗಿ ಹಚ್ಚಿದೆ.

ಹೊರಡುವಾಗ ಅವಳೇ ಆಲದ ಗಿಡದವರೆಗೆ ಬಂದಳು. ಕಲ್ಲಿನ ಮುಂದೆ ಎರಡು ವೀಳ್ಯದೆಲೆ, ಒಂದೊಂದರ ಮೇಲೆ ಒಂದೊಂದು ಅಡಿಕೆ ಇತ್ತು. ಎರಡು ಯಾಕೆ ಎಂದು ಕೇಳಿದೆ.

"ಒಂದು ನಂದು, ಸುಳ್ಳೇ ನಡುಗೂದಕ್ಕೆ" ಎಂದಳು. "ಇನ್ನೊಂದು ನಿಂದು. ಸಾಕ್ಷಿ ಹೇಳಿದೋರಿಗೂ ತಪ್ಪು ಇರ್ತದಲ್ಲ. ನೀ ಇಡೂದಿಲ್ಲ ಅಂತ ಗೊತ್ತಿತ್ತು. ನಾಟಕದ ಮರು ಸೋಮವಾರದಿಂದ ನಾನೇ ಇಡ್ತಾ ಬಂದೆ."