ಯಜಮಾನಿ ಕುರ್ಚಿ

ಕೆನಡಾದ ಮ್ಯಾನಿಟೋಬಾದಲ್ಲಿರುವ ವೆಸ್ನಾ ಊರಿನಲ್ಲಿ ಗುರುವಾರ ಬೆಳಗಾಯಿತೆಂದರೆ ಉಕ್ರೇನಿಯನ್ ಹೆಂಗಸರು ಚರ್ಚಿನ ನೆಲಮಾಳಿಗೆಗೆ ಇಳಿದು ಪೆರೋಗಿ ಮಾಡಲು ಕೂರುತ್ತಾರೆ. ಆಲೂಗಡ್ಡೆ ತುಂಬಿ ಅಂಚು ಚಿವುಟಿದ ಆ ಕಡುಬು ಮಾರಿಯೇ ಚರ್ಚಿಗೆ ಹೊಸ ಚಾವಣಿ ಬಂದದ್ದು. ಅಲ್ಲಿ ಒಂದು ಕಟ್ಟಳೆ ಇದೆ. ಒಂದು ವಾರ ತಪ್ಪಿಸಿದವಳ ಕುರ್ಚಿಯಲ್ಲಿ ಯಾರು ಕೂತರೋ ಕುರ್ಚಿ ಅವರದ್ದೇ. ತಪ್ಪಿಸಿದವಳು ಬಾಗಿಲ ಪಕ್ಕದ ಕುರ್ಚಿಯಿಂದ ಮತ್ತೆ ಶುರುಮಾಡಬೇಕು. ಕಾಯಿಲೆ, ಬಾಣಂತನ, ಹಿಮಪಾತ ಯಾವುದಕ್ಕೂ ರಿಯಾಯಿತಿ ಇಲ್ಲ.

ಬಾಗಿಲ ಪಕ್ಕದಿಂದ ಒಂದೊಂದೇ ಕುರ್ಚಿ ದಾಟಿ, ಹಿಟ್ಟು ನಾದುವ ಯಜಮಾನಿ ಕುರ್ಚಿಗೆ ಬರಲು ಲೆಸ್ಯಾ ಹ್ರಿಂಚುಕ್ ಅರ್ಧ ಆಯಸ್ಸು ಸವೆಸಿದ್ದಳು. ಅತ್ತೆಯನ್ನು ಮಣ್ಣು ಮಾಡಿ ನೇರ ನೆಲಮಾಳಿಗೆಗೆ ಬಂದ ಗಟ್ಟಿಗಿತ್ತಿ ಅವಳು. ಅಂಥವಳಿಗೆ ಮಹಿಳಾ ಕೇಂದ್ರದಿಂದ ಫೋನ್ ಬಂತು. ಮಾಂಟ್ರಿಯಲ್‌ನ ಸ್ತ್ರೀವಾದಿ ಸಮ್ಮೇಳನಕ್ಕೆ ಹೋಗಿಬರುವ ಖರ್ಚು ಪೂರ್ತಿ ಮಂಜೂರಾಗಿದೆ, ಹೆಂಗಸರ ಬಿಟ್ಟಿ ದುಡಿಮೆಯ ಬಗ್ಗೆ ಅವಳು ಅಲ್ಲಿ ಮಾತಾಡಬೇಕು! ಲೆಸ್ಯಾ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದಳು. ಆಮೇಲೆ ಕ್ಯಾಲೆಂಡರ್ ನೋಡಿ ಕುಸಿದಳು. ಅವಳು ಮಾತಾಡಬೇಕಾದದ್ದು ಗುರುವಾರವೇ.

ಗಂಡ ಬೋಹ್ದಾನ್‌ಗೆ ನಗು ತಡೆಯಲಾಗಲಿಲ್ಲ. "ಹೆಂಗಸರ ಪರ ಮಾತಾಡೋಕೆ ಹೋಗೋಳು ಹೆಂಗಸರಿಗೇ ಹೆದರ್ತೀಯಲ್ಲೇ!"

"ನಿನಗೇನು ಗೊತ್ತು? ಒಂದಿನಾನಾದ್ರೂ ಆ ಮೆಟ್ಟಿಲು ಇಳಿದಿದ್ದೀಯಾ? ತಿನ್ನೋಕೆ ಮಾತ್ರ ಮುಂದೆ."

ಬೋಹ್ದಾನ್ ಇನ್ನೊಂದು ಪೆರೋಗಿ ಬಾಯಿಗಿಟ್ಟುಕೊಂಡ.

ಮುಂದಿನ ಗುರುವಾರ ಅವಳು ವಿಷಯ ತೆಗೆದಾಗ ಚಿವುಟುತ್ತಿದ್ದ ಕೈಗಳೆಲ್ಲ ನಿಂತವು. ಪಕ್ಕದ ಕುರ್ಚಿಯ ಸ್ಟೆಫ್ಕಾಗೆ ಯಜಮಾನಿ ಕುರ್ಚಿಯ ಮೇಲೆ ಎಂದಿನಿಂದಲೋ ಕಣ್ಣು. "ಅಲ್ಲಿ ನಮ್ಮ ಬಗ್ಗೆ ಏನಂತ ಹೇಳ್ತೀಯೇ? ಸಂಬಳ ಇಲ್ದೆ ದುಡಿಯೋ ಪೆದ್ದಿಯರು ಅಂತಾನಾ?"

"ಚಾವಣಿ ಹಾಕ್ಸಿದ್ದು ನಾವು, ಚರ್ಚಿನ ಸಮಿತೀಲಿ ಮೀಸೆ ತಿರುವ್ಕೊಂಡು ಕೂತಿರೋದು ಗಂಡಸರು ಅಂತ ಹೇಳ್ತೀನಿ."

ಸ್ಟೆಫ್ಕಾ ಕೈಯ ಹಿಟ್ಟು ಕೊಡವಿದಳು. "ಹಂಗಾದ್ರೆ ಹೋಗು, ಜೋರಾಗಿ ಹೇಳು. ಕುರ್ಚಿ ಮಾತ್ರ ಖಾಲಿ ಇರಲ್ಲಮ್ಮ, ಈಗ್ಲೇ ಹೇಳಿದೀನಿ."

"ಕೂತ್ಕೋ ಮಾರಾಯ್ತಿ. ನಿನ್ನ ಹಿಟ್ಟು ಚಪ್ಪಲಿ ಅಟ್ಟೆ ಆಗೋದನ್ನ ಊರೇ ನೋಡ್ಲಿ," ಎಂದು ಲೆಸ್ಯಾ ನಕ್ಕಳು. ಆದರೆ ಏಳುವಾಗ ಕುರ್ಚಿಯ ಬೆನ್ನನ್ನು ಒಮ್ಮೆ ಸವರಿದಳು.

ಮಾಂಟ್ರಿಯಲ್‌ನಲ್ಲಿ ಅವಳು ಚೆನ್ನಾಗಿಯೇ ಮಾತಾಡಿದಳು. ಬರಿಗೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಟ್ಟು ನಾದುತ್ತಾ ಮಾತಾಡಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳಿಗೆ ಹೆಮ್ಮೆಯೋ ಹೆಮ್ಮೆ.

ಊರಿಗೆ ಬಂದ ಮೇಲಿನ ಗುರುವಾರ, ಎದೆ ಗಟ್ಟಿ ಮಾಡಿಕೊಂಡು ಮೆಟ್ಟಿಲಿಳಿದಳು. ಯಜಮಾನಿ ಕುರ್ಚಿಯಲ್ಲಿ ಸ್ಟೆಫ್ಕಾ ಇರಲಿಲ್ಲ. ಕೂದಲು ಉದುರದಂತೆ ತಲೆಗೆ ಹೆಂಗಸರ ಬಲೆಟೋಪಿ ಹಾಕಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬೋಹ್ದಾನ್ ಕೂತಿದ್ದ!

"ಹೋದ್ವಾರ ನಾವು ಬರೋ ಮುಂಚೇನೇ ಬಂದು ಕೂತಿದ್ದ ಕಣೇ," ಎಂದಳು ಸ್ಟೆಫ್ಕಾ. "ನನ್ನ ಹೆಂಡ್ತಿ ಕುರ್ಚೀಲಿ ಬೇರೆ ಯಾರೂ ಕೂರೋ ಹಂಗಿಲ್ಲ ಅಂತ. ಹಿಟ್ಟೆಲ್ಲಾ ಕೆಡಿಸಿದ, ಆದ್ರೆ ಏಳ್ಲಿಲ್ಲ ನೋಡು."

ಲೆಸ್ಯಾಳ ಕಣ್ಣು ತುಂಬಿತು. ಬೋಹ್ದಾನ್ ಹಲ್ಲುಬಿಟ್ಟು, ಕೈ ಒರೆಸಿಕೊಳ್ಳುತ್ತಾ ಏಳಹೊರಟ. "ಬಾ, ಕೂತ್ಕೋ. ನನ್ನ ಕೆಲಸ ಮುಗೀತು."

ಸ್ಟೆಫ್ಕಾ ಅವನ ಹೆಗಲು ಹಿಡಿದು ಕೂರಿಸಿದಳು. "ಎಲ್ಲಿಗಪ್ಪಾ? ಕಟ್ಟಳೆ ಅಂದ್ರೆ ಕಟ್ಟಳೆ. ಕುರ್ಚಿ ಈಗ ನಿಂದು. ಇನ್ಮೇಲೆ ಪ್ರತಿ ಗುರುವಾರ ನೀನೇ ನಾದ್ಬೇಕು."

ಬೋಹ್ದಾನ್‌ನ ಮುಖ ಇಂಗು ತಿಂದ ಮಂಗನಂತಾಯಿತು. ಕಾಪಾಡು ಎನ್ನುವಂತೆ ಹೆಂಡತಿಯತ್ತ ನೋಡಿದ. ಲೆಸ್ಯಾ ಬಾಗಿಲ ಪಕ್ಕದ ಕುರ್ಚಿ ಎಳೆದು, ತೋಳು ಮಡಚಿ ಹಾಯಾಗಿ ಕೂತಳು.

"ಹಿಟ್ಟು ಬೇಗ ಕಳ್ಸಯ್ಯಾ," ಎಂದು ಕೂಗಿದಳು, "ಇಲ್ಲಿ ಕೈ ಖಾಲಿ ಇದೆ!"